ನಾಳಿನ ಪಾಠದ ಹವಾಮಾನ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಮ್ಮ ತರಗತಿ ಮೊದಲ ಮಹಡಿಯಲ್ಲಿತ್ತು ಎಂದು ನನ್ನ ನೆನಪು; ಚಿಕ್ಕಮ್ಮ ಎರಡನೆಯದು ಅನ್ನುತ್ತಾಳೆ. ಕಿಟಕಿಯಿಂದ ತುಮಕೂರು ರಸ್ತೆ ಕಾಣುತ್ತಿತ್ತು ಎಂದು ಬರೆಯಲು ಹೊರಟೆ. ಆಮೇಲೆ ಅನುಮಾನ ಬಂತು. ನಿಜವಾಗಿ ಕಾಣುತ್ತಿತ್ತೋ, ಲಾರಿಗಳ ಸದ್ದು ಕೇಳಿ ಕೇಳಿ ಕಂಡಂತೆ ಅನ್ನಿಸಿತ್ತೋ? ಆ ಕಾಲದಲ್ಲಿ ನಾನು ದಿನವೂ ಡೈರಿ ಬರೆಯುತ್ತಿದ್ದೆ. ಅದನ್ನಾದರೂ ನಂಬೋಣ ಎಂದು ತೆಗೆದು ನೋಡಿದರೆ, ಈಗ ನಾನು ಹೇಳಹೊರಟಿರುವ ದಿನದ ಪುಟದಲ್ಲಿ ಇರುವುದು ಇಷ್ಟೇ: ‘ಸಿನಿಮಾ ಚೆನ್ನಾಗಿಲ್ಲ. ಬಿಸಿಲು. ತಲೆನೋವು.’ ಯಾವುದು ಬರೆದಿಡಬೇಕಾದ್ದು, ಯಾವುದು ಅಲ್ಲ ಅನ್ನುವುದು ಆ ಹುಡುಗಿಗೆ ಗೊತ್ತಿರಲಿಲ್ಲ. ಈಗ ನನಗೆ ಪೂರ್ತಿ ಗೊತ್ತಿದೆ ಅಂತಲೂ ಅಲ್ಲ.

ಖಚಿತವಾಗಿ ಗೊತ್ತಿರುವುದನ್ನು ಮೊದಲು ಹೇಳಿಬಿಡುತ್ತೇನೆ. ತೊಂಬತ್ತರ ದಶಕದ ನಡುವಿನ ಎರಡು ವರ್ಷ ನಾನೂ ನನ್ನ ಚಿಕ್ಕಮ್ಮನೂ ಒಂದೇ ಕಾಲೇಜಿನ ಒಂದೇ ತರಗತಿಯ ಒಂದೇ ಬೆಂಚಿನಲ್ಲಿ ಕೂತು ಬಿ.ಎ. ಓದಿದೆವು. ಅವಳು ಅಮ್ಮನ ಕೊನೆಯ ತಂಗಿ, ನನಗಿಂತ ಐದಾರು ವರ್ಷ ದೊಡ್ಡವಳು. ಮೊದಲ ವರ್ಷ ಮುಗಿಸುವ ಹೊತ್ತಿಗೆ ಮದುವೆಯಾಗಿ ಓದು ಬಿಟ್ಟಿದ್ದಳು. ಗಂಡ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಫಿಟರ್. ತುಂಬ ನಗುವ ಮನುಷ್ಯ. ನಮ್ಮ ಮನೆಗೆ ಬಂದರೆ ಅಪ್ಪನ ಸ್ಕೂಟರ್ ಬಿಚ್ಚಿ ಜೋಡಿಸದೆ ಹೋಗುತ್ತಿರಲಿಲ್ಲ. ಮದುವೆಯಾದ ಕೆಲವೇ ವರ್ಷಕ್ಕೆ, ಕಾರ್ಖಾನೆಯೊಳಗೆ ಕ್ರೇನಿನಿಂದ ಹೊರೆ ಜಾರಿ ಅವರು ಹೋಗಿಬಿಟ್ಟರು. ಮಕ್ಕಳಿರಲಿಲ್ಲ.

ಅವತ್ತು ಕಾರ್ಖಾನೆಯವರು ಜೀಪು ತಂದು, ‘ಕೈಗೆ ಸ್ವಲ್ಪ ಪೆಟ್ಟಾಗಿದೆ, ಬನ್ನಿ’ ಎಂದು ಚಿಕ್ಕಮ್ಮನನ್ನು ಹತ್ತಿಸಿಕೊಂಡು ಹೋಗಿದ್ದರಂತೆ. ಜೀಪಿನಲ್ಲಿ ಕೂತಿದ್ದವರಿಗೆ, ಡ್ರೈವರಿಗೆ, ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿದ್ದ ನನ್ನ ಅಪ್ಪನಿಗೆ, ಎಲ್ಲರಿಗೂ ವಿಷಯ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವಳು ಅವಳೊಬ್ಬಳೇ. ದಾರಿಯಲ್ಲಿ ಅವಳು, ‘ಅವರ ಊಟದ ಡಬ್ಬಿ ಕಾರ್ಖಾನೇಲೇ ಉಳೀತಲ್ಲ, ಯಾರಾದ್ರೂ ತಂದ್ಕೊಡ್ತೀರಾ’ ಎಂದು ಕೇಳಿದಳಂತೆ. ತಂದುಕೊಡುತ್ತೇವೆ ಎಂದು ಒಬ್ಬರು ಹೇಳಿದರಂತೆ.

ಅದಾದ ಮೇಲೆ ಅವಳು ಬಾಗಲಗುಂಟೆಯ ನಮ್ಮ ಮನೆಗೆ ಬಂದಳು. ಆ ಬೀದಿಯ ಬಹುಪಾಲು ಮನೆಗಳಂತೆ ನಮ್ಮದೂ ಕಾರ್ಖಾನೆಯ ಶಿಫ್ಟಿಗೆ ತಕ್ಕಂತೆ ಏಳುವ, ಮಲಗುವ ಮನೆ. ಅವಳು ಬಂದ ಮೇಲೆ ಮನೆಯಲ್ಲಿ ಯಾರೂ ಹೇಳದೆ ಒಂದು ಶಿಸ್ತು ಶುರುವಾಯಿತು. ಪೇಪರಿನಲ್ಲಿ ಅಪಘಾತದ ಸುದ್ದಿ ಇದ್ದರೆ ಅಮ್ಮ ಆ ಹಾಳೆಯನ್ನು ಡಬ್ಬಿಯ ತಳಕ್ಕೆ ಹಾಸಿಬಿಡುತ್ತಿದ್ದಳು. ರೇಡಿಯೋದಲ್ಲಿ ವಾರ್ತೆ ಬಂದರೆ ನನಗೆ ಕಣ್ಸನ್ನೆ. ನಾನು ಎದ್ದು ಸ್ಟೇಷನ್ ಬದಲಿಸಬೇಕು. ಅಪ್ಪನದೂ ಪೀಣ್ಯದಲ್ಲೇ ಕೆಲಸ, ಬೇರೆ ಕಾರ್ಖಾನೆ. ಆದರೆ ಅವರ ನೀಲಿ ಯೂನಿಫಾರ್ಮ್ ಶರ್ಟೂ ಚಿಕ್ಕಪ್ಪನ ಶರ್ಟೂ ಹೆಚ್ಚುಕಡಿಮೆ ಒಂದೇ ಥರ. ಹಾಗಾಗಿ ಅಪ್ಪ ಬಸ್ ಸ್ಟಾಪಿನ ಹತ್ತಿರದ ಪಂಚರ್ ಅಂಗಡಿಯ ಹಿಂದೆ ಶರ್ಟು ಬದಲಿಸಿ, ಯೂನಿಫಾರ್ಮನ್ನು ಚೀಲಕ್ಕೆ ತುರುಕಿಕೊಂಡು ಮನೆಗೆ ಬರುತ್ತಿದ್ದರು. ಅಪ್ಪ ಇದನ್ನು ಯಾರಿಗೂ ಹೇಳಿರಲಿಲ್ಲ. ಒಮ್ಮೆ ನಾನೇ ನೋಡಿದೆ. ಬನಿಯನ್ನಿನಲ್ಲಿ ನಿಂತಿದ್ದ ಅಪ್ಪ ನನ್ನನ್ನು ಕಂಡು, ಸಿಕ್ಕಿಬಿದ್ದವರ ಹಾಗೆ, ‘ಸೆಖೆ ಕಣಮ್ಮ’ ಅಂದರು.

ಚಿಕ್ಕಮ್ಮನನ್ನು ಮತ್ತೆ ಕಾಲೇಜಿಗೆ, ನನ್ನ ಜೊತೆ ಬಿ.ಎ. ಎರಡನೇ ವರ್ಷಕ್ಕೆ, ಸೇರಿಸಬೇಕು ಅನ್ನುವುದು ಅಮ್ಮನ ಹಟ. ಬೇಡ ಅನ್ನುವುದು ಮಾವನದು. ಮಾವ ಅಂದರೆ ಅಮ್ಮನ ಅಣ್ಣ. ಮಾಕಳಿ ದಾಟಿ ಒಳಗೆ ಹೋದರೆ ಸಿಗುವ ಅವರ ಹಳ್ಳಿಯಲ್ಲಿ ಹೊಲ, ಎರಡು ಹಸು, ಎಲ್ಲರ ಮೇಲೂ ಒಂದು ಕಣ್ಣು. ಕೆಟ್ಟ ಮನುಷ್ಯನಲ್ಲ. ತಂಗಿಯ ಮುಖ ನೋಡಲಾಗದೆ ಎಮ್ಮೆ ನೋಡುವ ನೆಪದಲ್ಲಿ ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದ ಮನುಷ್ಯ. (ಎಮ್ಮೆ ಅಂದೆ. ಮೇಲೆ ಹಸು ಎಂದು ಬರೆದಿದ್ದೇನೆ. ಎರಡರಲ್ಲೊಂದು.) ಕೊನೆಗೆ ಮಾವ ಒಪ್ಪಿದರು, ಒಂದು ಷರತ್ತಿನ ಮೇಲೆ.

‘ಓದ್ಲಿ, ಬ್ಯಾಡ ಅನ್ನಾಕಿಲ್ಲ. ಆದ್ರೆ ಅಲ್ಲಿ ಯಾರಾದ್ರೂ ಏನಾದ್ರೂ ಅಂದು, ಇವ್ಳು ಅತ್ಕಂಡು ಬಂದ್ಲು ಅಂತ ನನ್ ಕಿವಿಗೆ ಬಿತ್ತೋ, ಅವತ್ತೇ ಬಂದು ಕರ್ಕಂಡೋಯ್ತೀನಿ. ಆಮ್ಯಾಕೆ ಯಾರೂ ಮಾತಾಡ್ಬಾರ್ದು.’

ಚಿಕ್ಕಮ್ಮ ತಲೆಯಾಡಿಸಿದಳು. ಅಳದೆ ಓದಬೇಕು. ಅಷ್ಟೇ ಷರತ್ತು.

ತರಗತಿಯಲ್ಲಿ ಮೊದಲ ವಾರವೇ ಒಂದು ತೊಂದರೆಯಾಯಿತು. ನಾನು ಅವಳನ್ನು ಏನೆಂದು ಕರೆಯಬೇಕು? ಹೆಸರು ಹಿಡಿದು ಕರೆದರೆ ನಾಲಿಗೆ ಸುಡುತ್ತದೆ. ಒಂದು ದಿನ ಬೆಂಚಿನ ಆ ತುದಿಯಿಂದ ಈ ತುದಿಗೆ, ‘ಚಿಕ್ಕಮ್ಮ, ಪೆನ್ ಕೊಡು’ ಅಂದುಬಿಟ್ಟೆ. ಹಿಂದಿನ ಬೆಂಚು ನಕ್ಕಿತು. ಮಾರನೆಯ ದಿನದಿಂದ ಇಡೀ ತರಗತಿಗೆ ಅವಳು ಚಿಕ್ಕಮ್ಮ. ಕ್ಯಾಂಟೀನಿನವರೂ, ‘ಚಿಕ್ಕಮ್ಮಂಗೆ ಟೀ ಕೊಟ್ರೇನ್ರೋ’ ಅನ್ನತೊಡಗಿದರು. ಮೊದಮೊದಲು ಅವಳು ಮುಖ ಗಂಟಿಕ್ಕಿದಳು, ಆಮೇಲೆ ಆ ಪಟ್ಟಕ್ಕೆ ತಕ್ಕ ಹಾಗೆ ನಡೆದುಕೊಳ್ಳಲು ಶುರುಮಾಡಿದಳು. ಹುಡುಗರ ಅಂಗಿಯ ಗುಂಡಿ ಕಿತ್ತಿದ್ದರೆ ಬೈಯುವುದು, ಊಟದ ಡಬ್ಬಿ ತರದವರಿಗೆ ತನ್ನ ಚಪಾತಿಯಲ್ಲಿ ಪಾಲು ಕೊಡುವುದು. ಅವಳ ಕಥೆ ಎಲ್ಲರಿಗೂ ಗೊತ್ತಿತ್ತು. ಯಾರೂ ಅದನ್ನು ಬಾಯಿಗೆ ತರುತ್ತಿರಲಿಲ್ಲ.

ಕನ್ನಡ ಪಾಠಕ್ಕೆ ಬರುತ್ತಿದ್ದ ಮೇಡಂ ಧಾರವಾಡದ ಕಡೆಯವರು. ಹಣೆಯಲ್ಲಿ ತೆಳುವಾಗಿ ವಿಭೂತಿ, ಸದಾ ಕಾಟನ್ ಸೀರೆ, ಎಲ್ಲೋ ದೂರದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಅವರಿಗೊಂದು ರೂಢಿಯಿತ್ತು. ಹೊಸ ಪಾಠ ಶುರುಮಾಡುವ ಹಿಂದಿನ ದಿನ, ಗಂಟೆ ಹೊಡೆಯುವ ಮುಂಚೆ ಪುಸ್ತಕ ಮುಚ್ಚಿ ಹೇಳುತ್ತಿದ್ದರು:

‘ನಾಳಿ ಪಾಠದಾಗ ಒಂದು ಸಾವು ಅದ. ಯಾರಿಗೆ ಕೇಳೂದು ಬ್ಯಾಡ ಅನಸ್ತದ, ಅವರು ಲೈಬ್ರರಿಗೆ ಹೋಗ್ರಿ. ಹಾಜರಿ ನಾ ಹಾಕ್ತೀನಿ. ಯಾಕಂತ ಕೇಳೂದಿಲ್ಲ.’

ಸಾವಿಲ್ಲದಿದ್ದರೆ, ‘ನಾಳಿ ಪಾಠದಾಗ ಏನೂ ಅಂಜೂ ಹಂಗಿಲ್ಲ, ಬೇಸರ ಒಂದ ಆಗ್ತದ, ಅದಕ್ಕ ಹಾಜರಿ ಕೊಡೂದಿಲ್ಲ’ ಅನ್ನುತ್ತಿದ್ದರು. ಮನೆಯಲ್ಲಿ ಹೊಡೆತ ಇರುವ ಪಾಠ, ಮಗು ಸಾಯುವ ಪಾಠ, ಜಾತಿಯ ಹೆಸರಲ್ಲಿ ಒಬ್ಬನನ್ನು ಬೀದಿಯಲ್ಲಿ ನಿಲ್ಲಿಸುವ ಪಾಠ, ಎಲ್ಲಕ್ಕೂ ಹಿಂದಿನ ದಿನ ಸೂಚನೆ. ಹುಡುಗರು ಇದಕ್ಕೆ ಹವಾಮಾನ ವರದಿ ಎಂದು ಹೆಸರಿಟ್ಟಿದ್ದರು. ಗಂಟೆಯ ಹೊತ್ತಿಗೆ ಹಿಂದಿನಿಂದ ಯಾರಾದರೂ, ‘ಮೇಡಂ, ನಾಳೆ ಹವಾಮಾನ?’ ಎಂದು ಕೇಳುವುದು ವಾಡಿಕೆಯಾಗಿತ್ತು.

ಆ ಯಾರಾದರೂ ಅನ್ನುವವನು ಸಾಮಾನ್ಯವಾಗಿ ನಮ್ಮ ತರಗತಿಯ ಲೀಡರ್. ಮಾಕಳಿಯ ಹುಡುಗ, ಉದ್ದ ಕಾಲು, ಎರಡು ಪೇಪರ್ ಬಾಕಿ. ಒಮ್ಮೆ ಎದ್ದು ನಿಂತು ಕೇಳಿದ:

‘ಮೇಡಂ, ಸಾವಿದೆ ಅಂತ ಮೊದ್ಲೇ ಹೇಳ್ಬಿಟ್ರೆ ಕಥೆ ಸಸ್ಪೆನ್ಸೇ ಹೋಗ್ಬಿಡುತ್ತಲ್ಲ?’

‘ಪಾಠಕ್ಕ ಸಸ್ಪೆನ್ಸ್ ಯಾಕೋ? ನೀ ಪರೀಕ್ಷಾದಾಗ ಏನ್ ಬರೀತೀ ಅನ್ನೂದ ನನಗ ದೊಡ್ಡ ಸಸ್ಪೆನ್ಸ್ ಆಗೇದ.’

ಸಾವಿನ ಸೂಚನೆ ಬಂದಾಗಲೆಲ್ಲ ಇವನು ಮುಖ ಸಣ್ಣ ಮಾಡಿಕೊಂಡು ಎದ್ದು ಹೋಗುತ್ತಿದ್ದ. ಲೈಬ್ರರಿಗಲ್ಲ, ಕ್ಯಾಂಟೀನಿಗೆ. ಅವನು ಅಲ್ಲಿ ಬೋಂಡ ತಿನ್ನುತ್ತಿರುತ್ತಾನೆ ಎಂದು ಮೇಡಂಗೆ ಗೊತ್ತಿತ್ತು. ಆದರೂ ಹಾಜರಿ ಹಾಕುತ್ತಿದ್ದರು. ನಾವು ದೂರು ಹೇಳಿದರೆ, ‘ಕೇಳೂದಿಲ್ಲ ಅಂದೀನಿ, ಕೇಳೂದಿಲ್ಲ’ ಅಷ್ಟೇ. ನಿಜವಾಗಿ ಎದ್ದು ಹೋಗುವವರೂ ಇದ್ದರು. ಒಂದು ಹುಡುಗಿ ಬೆಂಕಿಯ ಪಾಠಕ್ಕೆ ಎದ್ದು ಹೋದಳು. ಅವಳಿಗೂ ಬೋಂಡ ತಿನ್ನುವವನಿಗೂ ಒಂದೇ ಹಾಜರಿ. ಈಗ ಯೋಚಿಸಿದರೆ, ಆ ಹುಡುಗಿ ಧೈರ್ಯವಾಗಿ ಎದ್ದು ಹೋಗಲು ಸಾಧ್ಯವಾದದ್ದು ಇವನೂ ಪ್ರತಿಸಲ ಎದ್ದು ಹೋಗುತ್ತಿದ್ದನಲ್ಲ, ಅದರಿಂದಲೂ ಇರಬಹುದು. ಆಗ ನಮಗೆ ಅದೆಲ್ಲ ಹೊಳೆದಿರಲಿಲ್ಲ. ಮೇಡಂಗೆ ಈ ರೂಢಿ ಎಲ್ಲಿಂದ ಬಂತು ಎಂದು ನಾವು ಯಾರೂ ವಿಚಾರಿಸಲಿಲ್ಲ.

ಎರಡನೇ ವರ್ಷದ ಕೊನೆಗೆ ಒಂದು ಕಥೆ ಇತ್ತು. ಹೆಸರೂ ಬರೆದವರೂ ಎರಡೂ ಮರೆತಿದೆ. ಮೇಡಂ ಪುಸ್ತಕ ಮುಚ್ಚಿ, ಯಾರ ಮುಖವನ್ನೂ ನೋಡದೆ ಹೇಳಿದರು:

‘ನಾಳಿ ಕಥಿಯೊಳಗ ಕಾರ್ಖಾನ್ಯಾಗ ಒಬ್ಬಾಂವ ಸಾಯ್ತಾನ. ಅವನ ಹೆಂಡತಿಗೆ ಹೆಂಗ ಹೇಳೂದು ಅಂತ ಉಳದವರು ಒದ್ದಾಡ್ತಾರ. ಕಥಿ ಪೂರಾ ಅದರ ಮ್ಯಾಲ ಅದ. ಬ್ಯಾಡ ಅನ್ನವರು ಲೈಬ್ರರಿಗೆ ಹೋಗ್ರಿ. ಹಾಜರಿ ಹಾಕ್ತೀನಿ. ಯಾಕಂತ ಕೇಳೂದಿಲ್ಲ.’

ಅವತ್ತು ಹಿಂದಿನಿಂದ ಯಾವ ಜೋಕೂ ಬರಲಿಲ್ಲ. ನಾನು ಪಕ್ಕಕ್ಕೆ ನೋಡಲಿಲ್ಲ. ಚಿಕ್ಕಮ್ಮನ ಪೆನ್ನು ನಿಲ್ಲದೆ ಬರೆಯುತ್ತಿದ್ದ ಸದ್ದು ಕೇಳಿಸಿತು ಎಂದು ನನ್ನ ನೆನಪು. ಅವಳು ಈಗ, ‘ಗಂಟೆ ಹೊಡೆಯೋ ಹೊತ್ತಲ್ಲಿ ಏನು ಬರೀಲಿ ನಾನು?’ ಅನ್ನುತ್ತಾಳೆ.

ಆ ಮಧ್ಯಾಹ್ನ ಅವಳು ನೀರು ಹಿಡಿಯಬೇಕೆಂದು ಬೇಗ ಮನೆಗೆ ಹೋದಳು. ನಾನು ಉಳಿದೆ. ಹುಡುಗರೂ ಹುಡುಗಿಯರೂ ಬೇರೆ ಬೇರೆ ಕೂರುತ್ತಿದ್ದ ಕ್ಯಾಂಟೀನಿನಲ್ಲಿ ಅವತ್ತು ಬೆಂಚು ಎಳೆದು ಒಟ್ಟಿಗೆ ಕೂತೆವು. ಮಾವನ ಷರತ್ತನ್ನು ನಾನು ಅವರಿಗೆ ಹೇಳಿದೆ. ಅವಳು ತರಗತಿಯಲ್ಲಿ ಅತ್ತರೆ, ಆ ಸುದ್ದಿ ಮಾಕಳಿ ಕಡೆ ಹೋದರೆ, ಮಾವ ಬಂದು ಕರೆದುಕೊಂಡು ಹೋಗುತ್ತಾರೆ. ಇನ್ನೊಂದು ವರ್ಷದ ಓದು ಅಲ್ಲಿಗೆ ಮುಗಿಯಿತು.

‘ಚಿಕ್ಕಮ್ಮ ಲೈಬ್ರರಿಗೆ ಹೋಗ್ಬಹುದಲ್ಲ’ ಅಂದೆ.

ಲೀಡರ್ ಬೋಂಡ ಕೆಳಗಿಟ್ಟ. ‘ಅವ್ರೊಬ್ರೇ ಎದ್ದು ಹೋದ್ರೆ ಎಲ್ರೂ ತಿರುಗಿ ನೋಡ್ತಾರೆ. ಕೂತ್ಕೊಂಡ್ರೂ ತಿರುಗಿ ನೋಡ್ತಾರೆ. ನಾವೆಲ್ಲ ಎದ್ದು ಹೋದ್ರೆ ನೋಡೋರು ಯಾರಿರ್ತಾರೆ?’

‘ಅಂದ್ರೆ?’

‘ಮಾಸ್ ಬಂಕ್. ಇಡೀ ಕ್ಲಾಸು. ಮೇಡಂ ಬೆಂಚಿಗೆ ಪಾಠ ಮಾಡ್ತಾರಾ?’

‘ಪಾಠ ಸಿಲಬಸ್ಸಲ್ಲಿದೆ ಕಣೋ.’

‘ಚಾಯ್ಸಲ್ಲಿ ಬಿಟ್ರಾಯ್ತು ಬಿಡೇ. ನಾನು ಅರ್ಧ ಸಿಲಬಸ್ಸು ಚಾಯ್ಸಲ್ಲೇ ಬಿಟ್ಟಿದೀನಿ.’

‘ಅದು ಗೊತ್ತು. ರಿಸಲ್ಟಲ್ಲಿ ಕಾಣ್ತಾ ಇದೆ.’

ನಕ್ಕೆವು. ನೋಡುವವರು ಯಾರೂ ಇರಬಾರದು, ಪಾಠವೇ ಆಗಬಾರದು. ಎಷ್ಟು ಒಳ್ಳೆಯ ಉಪಾಯ ಅನ್ನಿಸಿತು. ಮಾಸ್ ಬಂಕ್ ಅಂದರೆ ನಮಗೆ ಅಲ್ಲಿಯವರೆಗೆ ಕ್ರಿಕೆಟ್ಟಿಗೋ ಹಬ್ಬದ ಮಾರನೆಯ ದಿನಕ್ಕೋ ಮಾಡುವಂಥದ್ದು. ಇನ್ನೊಬ್ಬರಿಗಾಗಿ ಮಾಡುವುದು ಇದೇ ಮೊದಲು. ಎಂದೂ ತರಗತಿ ತಪ್ಪಿಸದ, ಮುಂದಿನ ಬೆಂಚಿನ ಇಬ್ಬರು ಹುಡುಗಿಯರೂ ಒಪ್ಪಿದರು. ಯಶವಂತಪುರದ ಥಿಯೇಟರಿನಲ್ಲಿ ಬೆಳಗಿನ ಆಟ. ಚಿಕ್ಕಮ್ಮನನ್ನು ಕರೆತರುವ ಕೆಲಸ ನನ್ನದು. ಕಾರಣ ಹೇಳಬಾರದು ಎಂದು ಎಲ್ಲರೂ ಮಾತಾಡಿಕೊಂಡೆವು.

ಮರುದಿನ ಕಾಲೇಜಿನ ಗೇಟಿನ ಬಳಿ ಎಲ್ಲರೂ ಸೇರಿದ್ದಾಗ ನಾನು ಆದಷ್ಟು ಸಹಜವಾಗಿ, ‘ಎಲ್ರೂ ಸಿನಿಮಾಕ್ಕೆ ಹೋಗ್ತಿದೀವಿ, ಬಾ ಚಿಕ್ಕಮ್ಮ’ ಅಂದೆ.

‘ಯಾವ ಸಿನಿಮಾ?’

ಹೇಳಿದೆ.

‘ಚೆನ್ನಾಗಿಲ್ವಂತಲ್ಲ ಅದು.’ ಅವಳು ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ಲೀಡರ್ ತನ್ನ ಚಪ್ಪಲಿ ನೋಡಿಕೊಂಡ. ‘ನೀವು ಹೋಗ್ಬನ್ನಿ. ನಾನಿಲ್ಲೇ ಇರ್ತೀನಿ.’

ಇಲ್ಲೇ ಅಂದರೆ ಲೈಬ್ರರಿಯಲ್ಲಿ ಎಂದುಕೊಂಡೆವು. ಇನ್ನೂ ಒಳ್ಳೆಯದೇ ಆಯಿತು. ತರಗತಿಯಲ್ಲಿ ಯಾರೂ ಇಲ್ಲ, ಅವಳು ಲೈಬ್ರರಿಯಲ್ಲಿ, ಪಾಠ ಇಲ್ಲ. ಬಸ್ಸಿನಲ್ಲಿ ಎಲ್ಲರಿಗೂ ಏನೋ ಸಾಧಿಸಿದ ಹುಮ್ಮಸ್ಸು. ಸಿನಿಮಾ ನಿಜಕ್ಕೂ ಚೆನ್ನಾಗಿರಲಿಲ್ಲ. ಮಧ್ಯಂತರದ ಹೊತ್ತಿಗೆ ಹುಮ್ಮಸ್ಸು ಇಳಿದು, ‘ಚಿಕ್ಕಮ್ಮ ಒಬ್ರೇ ಊಟ ಮಾಡ್ತಿರ್ತಾರೆ ಅಲ್ವಾ’ ಎಂದು ಯಾರೋ ಅಂದರು. ವಾಪಸು ಬಂದಾಗ ಬಿಸಿಲು. ತಲೆನೋವು. ಅಷ್ಟು ಡೈರಿಯಲ್ಲೂ ಇದೆ.

ಮಾರನೆಯ ದಿನ ಮೇಡಂ ಬಂದರು, ಹಾಜರಿ ಕರೆದರು, ಪುಸ್ತಕ ತೆರೆದರು, ಆ ಕಥೆಯ ಮುಂದಿನ ಪಾಠದ ಪುಟ ಹೇಳಿದರು. ನಾವು ಮುಖ ಮುಖ ನೋಡಿಕೊಂಡೆವು. ಲೀಡರ್ ಎದ್ದ.

‘ಮೇಡಂ, ಮಧ್ಯ ಒಂದು ಪಾಠ ಇತ್ತಲ್ವಾ?’

‘ಅದು ನಿನ್ನಿ ಮುಗೀತು.’

‘ನಿನ್ನೆ ನಾವ್ಯಾರೂ ಇರ್ಲಿಲ್ವಲ್ಲ ಮೇಡಂ. ಯಾರಿಗ್ ಮಾಡಿದ್ರಿ?’

‘ಬಂದವರಿಗೆ.’

ಇಡೀ ತರಗತಿ ನಮ್ಮ ಬೆಂಚಿನ ಕಡೆ ತಿರುಗಿತು. ಅವನು ಹೇಳಿದ್ದ ಹಾಗೆಯೇ, ಒಬ್ಬರೂ ಬಿಡದೆ. ಚಿಕ್ಕಮ್ಮ ಪುಸ್ತಕದಲ್ಲಿ ಮೇಡಂ ಹೇಳಿದ ಪುಟ ಹುಡುಕುತ್ತಿದ್ದಳು.

ಲೀಡರಿಗೆ ಕೂರಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ‘ಮತ್ತೆ ನಮ್ ಹಾಜರಿ ಮೇಡಂ?’

‘ಎಲ್ಲಾರಿಗೂ ಹಾಕೀನಿ. ಬ್ಯಾಡ ಅಂದವರಿಗೆ ಹಾಜರಿ ಕೊಡ್ತೀನಿ, ಯಾಕಂತ ಕೇಳೂದಿಲ್ಲ ಅಂದಿದ್ದೆನಲ್ಲ. ನಿಮಗೆಲ್ಲಾರಿಗೂ ಬ್ಯಾಡಾಗಿತ್ತು ಅಂತ ತಿಳಕೊಂಡೆ. ಕೂಡು.’

ಅವರ ದನಿಯಲ್ಲಿ ಕೊಂಕಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಲ್ಲರೂ ಅಂದುಕೊಂಡೆವು. ಅವನಂತೂ ಎರಡು ದಿನ ಕ್ಯಾಂಟೀನಿನ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಚಿಕ್ಕಮ್ಮನೇ ಒಂದು ಬೋಂಡವನ್ನು ಪೇಪರಿನಲ್ಲಿ ಸುತ್ತಿ ತಂದು ಅವನ ಮುಂದಿಟ್ಟು, ‘ತಿನ್ನು ಮಗಾ, ಸೊರಗಿಹೋಗಿದ್ದೀಯ’ ಅಂದಳು.

ಆ ಸಂಜೆ ನಡೆದುಕೊಂಡು ಮನೆಗೆ ಹೋಗುವಾಗ ನಾನು ಕೇಳಿದೆ.

‘ನಾವು ಹೋಗಿದ್ದು ಯಾಕೆ ಅಂತ ನಿಂಗೆ ಗೊತ್ತಾಯ್ತಾ?’

‘ಗೇಟ್ ಹತ್ರಾನೇ ಗೊತ್ತಾಯ್ತು. ನಿಮ್ಮ ಮುಖ ನೋಡಿದ್ರೆ ಸಾಕಿತ್ತು. ಆ ಜೀಪಲ್ಲಿ ಕೂತಿದ್ದೋರ ಮುಖ ಹಂಗೇ ಇತ್ತು.’

ಕಾರ್ಖಾನೆ ಬಿಡುವ ಹೊತ್ತು. ಸೈಕಲ್ಲುಗಳಿಗೆ ದಾರಿ ಬಿಡುತ್ತ ನಾವು ಹಿಂದೆ ಮುಂದೆ ಆದೆವು. ಅವಳು ಮತ್ತೆ ಪಕ್ಕಕ್ಕೆ ಬಂದಾಗ ಅಂದಳು: ‘ಕೋಪ ಏನಿಲ್ಲ ಕಣೇ. ಅವರೂ ಒಳ್ಳೇದಕ್ಕೇ ಹೇಳ್ಲಿಲ್ಲ, ನೀವೂ ಒಳ್ಳೇದಕ್ಕೇ ಮಾಡಿದ್ರಿ. ಆದ್ರೆ ಮೇಡಂ ಹಿಂದಿನ ದಿನಾನೇ ಹೇಳಿದ್ರಲ್ಲ, ಹಿಂಗಿದೆ, ಬೇಕಾದ್ರೆ ಕೂತ್ಕೋ, ಬೇಡ್ದಿದ್ರೆ ಹೋಗು ಅಂತ. ನಂಗೆ ಯಾರೂ ಹಂಗೆ ಹೇಳಿರ್ಲಿಲ್ಲ. ರಾತ್ರಿ ಯೋಚ್ನೆ ಮಾಡ್ದೆ. ಕೂರ್ತೀನಿ ಅನ್ನಿಸ್ತು. ಕೂತೆ.’

ಇದನ್ನು ಅವಳು ಇಷ್ಟು ನೇರವಾಗಿ ಹೇಳಿದಳೋ, ಸೈಕಲ್ಲುಗಳ ನಡುವೆ ತುಂಡು ತುಂಡಾಗಿ ಹೇಳಿದ್ದನ್ನು ನಾನು ಇಷ್ಟು ವರ್ಷದಲ್ಲಿ ಜೋಡಿಸಿಕೊಂಡೆನೋ, ಆಣೆ ಮಾಡಲಾರೆ. ಜೀಪಿನ ಮಾತು ಮಾತ್ರ ಅವಳದೇ.

ಮನೆಗೆ ಬಂದಾಗ ಅಪ್ಪ ಆಗಷ್ಟೇ ಬಂದು ಚೀಲ ಗೂಡಿಗಿಡುತ್ತಿದ್ದರು. ಚಿಕ್ಕಮ್ಮ ಕಾಫಿ ಕೊಡುತ್ತ, ತೀರಾ ಅಡುಗೆಯ ಮಾತಾಡುವ ದನಿಯಲ್ಲಿ, ‘ಭಾವ, ಶರ್ಟನ್ನ ದಿನಾ ಚೀಲದಲ್ಲಿಟ್ರೆ ಊಟದ ಡಬ್ಬಿಗೆಲ್ಲ ಎಣ್ಣೆ ವಾಸ್ನೆ ಹತ್ತುತ್ತೆ. ಹಾಕ್ಕೊಂಡೇ ಬನ್ನಿ’ ಅಂದಳು. ಅಪ್ಪ ಲೋಟ ಹಿಡಿದುಕೊಂಡೇ ನಿಂತರು. ಅಮ್ಮ ನನ್ನ ಕಡೆ ನೋಡಿದಳು, ನಾನೇ ಹೇಳಿಕೊಟ್ಟೆ ಅನ್ನುವ ಹಾಗೆ. ನಾನು ಹೇಳಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಮಾವನವರೆಗೆ ಹೋಗುತ್ತಿರಲಿಲ್ಲ. ಆದರೆ ನಮ್ಮ ಲೀಡರ್ ಮನಸ್ಸು ತಡೆಯದೆ ತನ್ನ ತಾಯಿಗೆ ಹೇಳಿದ್ದ. ಹೇಳುವಾಗ, ಚಿಕ್ಕಮ್ಮ ಒಬ್ಬರೇ ಕೂತು ತುಂಬ ಅತ್ತರಂತೆ ಎಂದು ಸೇರಿಸಿದ್ದ. ಅವನು ನೋಡಿರಲಿಲ್ಲ, ಯಾರೂ ಅವನಿಗೆ ಹೇಳಿರಲಿಲ್ಲ. ಅತ್ತಿರಬೇಕು ಎಂದು ಅವನಿಗೆ ಅನ್ನಿಸಿತ್ತು. ಅವನ ತಾಯಿ ಹಾಲಿನ ಡೈರಿಯ ಬಳಿ ನಮ್ಮ ಮಾವನ ಹೆಂಡತಿಗೆ ಹೇಳಿದರು. ಆ ಭಾನುವಾರ ಬೆಳಿಗ್ಗೆ ಮಾವ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಅವರೆಕಾಯಿ ಚೀಲ. ಯಾವ ಸಿಟ್ಟಿನಲ್ಲಿ ಬಂದರೂ ಬರಿಗೈಯಲ್ಲಿ ಬರುವವರಲ್ಲ.

ಕೂರಲೂ ಇಲ್ಲ. ‘ಏನವ್ವ, ಕಾಲೇಜಾಗೆ ಎಲ್ಲಾರೂ ನಿನ್ ಬುಟ್ಟು ವೋದ್ರಂತೆ. ಒಬ್ಳೇ ಕುಂತು ಅತ್ತಂತೆ.’

ಅಮ್ಮ ಒಳಗಿನಿಂದ ಸೌಟು ಹಿಡಿದೇ ಬಂದಳು. ಇಲ್ಲ ಅನ್ನು, ಇಲ್ಲ ಅನ್ನು ಎಂದು ನಾನು ಮನಸ್ಸಿನಲ್ಲೇ ಚಿಕ್ಕಮ್ಮನಿಗೆ ಹೇಳಿಕೊಡುತ್ತಿದ್ದೆ. ಇಲ್ಲ ಅಂದರೆ ಮುಗಿಯುತ್ತಿತ್ತು.

‘ಹೂಂ ಅಣ್ಣ, ಅತ್ತೆ’ ಅಂದಳು ಚಿಕ್ಕಮ್ಮ. ‘ಅತ್ತು, ಮೂಗು ಒರೆಸ್ಕೊಂಡು, ನೋಟ್ಸ್ ಬರ್ಕೊಂಡೆ. ಪರೀಕ್ಷೆಗೆ ಬರೋ ಪಾಠ ಅದು.’

‘ಅಳಾದಾದ್ರೆ ಅಲ್ಗಂಟ ಯಾಕವ್ವ ಓಗ್ಬೇಕು? ಮನ್ಯಾಗೇ ಅಳಬೌದಲ್ಲ.’

‘ಮನೇಲಿ ಎಲ್ಲಣ್ಣ ಅಳಕ್ಕೆ ಬಿಡ್ತೀರಾ? ನಾನು ಕೋಣೆಗೆ ಬಂದ್ರೆ ಅಕ್ಕ ಪೇಪರ್ ಮಡಚಿಡ್ತಾಳೆ, ಇವಳು ರೇಡಿಯೋ ತಿರುವ್ತಾಳೆ. ಊರಿಗೆ ಬಂದ್ರೆ ನೀನು ಹಿತ್ಲಿಗೆ ಹೋಗ್ತೀಯ. ಅವರ ಹೆಸರು ಈ ಮನೇಲಿ ಕೇಳಿ ಎಷ್ಟು ದಿನ ಆಯ್ತು ಹೇಳು.’

ಅಮ್ಮ ಸೌಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ಮಾವ ಗೋಡೆ ನೋಡಿದರು. ಅವರಿಗೆ ಬೇಕಾಗಿದ್ದದ್ದೇ ಅದೊಂದು ಅನ್ನುವ ಹಾಗೆ ಕೇಳಿದರು:

‘ನೀನು ಅಳ್ತಾ ಇದ್ರೆ ಆ ಮೇಡಮ್ಮೋರು ಏನ್ ಮಾಡಿದ್ರು?’

‘ಓದೋದು ನಿಲ್ಸಿದ್ರು. ನಂದು ಮುಗಿಯೋ ತನಕ ಸುಮ್ನೆ ಕೂತಿದ್ರು. ಆಮೇಲೆ ಬಿಟ್ಟಲ್ಲಿಂದ ಓದಿದ್ರು.’

‘ಸಮಾದಾನ ಯೋಳ್ಳಿಲ್ವಾ?’

‘ಇಲ್ಲ.’

ಮಾವ ತಲೆಯಾಡಿಸಿದರು. ಒಪ್ಪಿದ್ದಕ್ಕೋ ಅರ್ಥವಾಗದ್ದಕ್ಕೋ ನನಗೆ ತಿಳಿಯಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ‘ಅವರೆಕಾಯಿ ಸುಲೀರವ್ವ, ಸಾರು ಮಾಡಿ’ ಅಂದರು. ನಾವು ಮೂವರೂ ಸುಲಿಯಲು ಕೂತೆವು. ಊಟದ ಹೊತ್ತಿಗೆ ಮಾವ, ಮುದ್ದೆ ಮುರಿಯುತ್ತ, ಯಾರನ್ನೂ ನೋಡದೆ, ಸತ್ತುಹೋದ ಭಾವಮೈದುನ ಒಮ್ಮೆ ತಮ್ಮ ಪಂಪ್‌ಸೆಟ್ ರಿಪೇರಿ ಮಾಡಲು ಹೋಗಿ ಬಾವಿಯ ಕೆಸರಲ್ಲಿ ಸೊಂಟದವರೆಗೆ ಹೂತ ಕಥೆ ತೆಗೆದರು. ಅವರ ಹೆಸರು ಹಿಡಿದೇ ಹೇಳಿದರು. ಅಪ್ಪ ಮೊದಲು ನಕ್ಕರು. ಆಮೇಲೆ ಚಿಕ್ಕಮ್ಮ ನಗುತ್ತ, ‘ಆ ಪ್ಯಾಂಟು ಒಗ್ದೋಳು ನಾನು’ ಅಂದಳು. ಸಂಜೆ ಮಾವ ಒಬ್ಬರೇ ಬಸ್ಸು ಹತ್ತಿದರು.

ಅವಳು ಬಿ.ಎ. ಮುಗಿಸಿದಳು. ನನಗಿಂತ ಹೆಚ್ಚು ಅಂಕ ಬಂತು, ಅದನ್ನು ಇವತ್ತಿಗೂ ಹೇಳುತ್ತಾಳೆ. ಬಿ.ಎಡ್. ಮಾಡಿ, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡು ಈಗ ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದಾಳೆ. ನಾನೂ ಕಾಲೇಜಿನಲ್ಲಿ ಪಾಠ ಮಾಡುವವಳಾದೆ. ಈಗ ಇಂಥ ಸೂಚನೆಗೆ ಟ್ರಿಗರ್ ವಾರ್ನಿಂಗ್ ಎಂಬ ಹೆಸರಿದೆ. ನಮ್ಮ ಸ್ಟಾಫ್‌ರೂಮಿನಲ್ಲಿ ಅದರ ಬಗ್ಗೆ ಆಗಾಗ ವಾದವೂ ನಡೆಯುತ್ತದೆ. ಮಕ್ಕಳು ಮೆತ್ತಗಾಗುತ್ತಿದ್ದಾರೆ ಅನ್ನುವವರು ಇದ್ದಾರೆ, ಕಷ್ಟದ ಪಾಠವನ್ನೇ ತೆಗೆದುಹಾಕೋಣ ಅನ್ನುವವರೂ ಇದ್ದಾರೆ. ನಾನು ಹೆಚ್ಚು ಮಾತಾಡುವುದಿಲ್ಲ. ಹಿಂದಿನ ದಿನ ಪುಸ್ತಕ ಮುಚ್ಚಿ, ಮೇಡಂ ಹೇಳುತ್ತಿದ್ದುದನ್ನು ನನ್ನ ಬೆಂಗಳೂರು ಕನ್ನಡದಲ್ಲಿ ಹೇಳುತ್ತೇನೆ. ಎದ್ದು ಹೋದವರನ್ನು ಯಾಕೆಂದು ಕೇಳುವುದಿಲ್ಲ.

ಆದರೆ ಹೋದ ವರ್ಷ ಒಂದು ಹುಡುಗಿ ಎದ್ದು ಹೋಗಲಿಲ್ಲ. ಕೂತಿದ್ದಳು, ಪಾಠದ ನಡುವೆ ಅತ್ತಳು. ನಾನು ಓದುವುದನ್ನು ನಿಲ್ಲಿಸಿ ಕಾದೆ. ನನಗೆ ಗೊತ್ತಿದ್ದದ್ದು ಅಷ್ಟೇ. ಉಳಿದ ಐವತ್ತು ಜನ ಏನು ಮಾಡಬೇಕಿತ್ತು ಅನ್ನುವುದು ನನಗೆ ಗೊತ್ತಿರಲಿಲ್ಲ. ಕೆಲವರು ಅವಳನ್ನೇ ನೋಡುತ್ತಿದ್ದರು, ಕೆಲವರು ಡೆಸ್ಕು ನೋಡುತ್ತಿದ್ದರು. ಪಕ್ಕದಲ್ಲಿ ಕೂತಿದ್ದವಳು ಅವಳ ಬೆನ್ನ ಮೇಲೆ ಕೈಯಿಡಲು ಹೋಗಿ, ಮತ್ತೆ ತೆಗೆದಳು.

ಆ ವಾರವೇ ವೈಟ್‌ಫೀಲ್ಡಿಗೆ ಹೋದೆ. ಚಿಕ್ಕಮ್ಮ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ನಾನೂ ಒಂದು ಟವೆಲು ತೆಗೆದುಕೊಂಡು ಮಡಚುತ್ತ ಕೇಳಿದೆ. ಅವಳು ಮಡಚುವುದನ್ನು ನಿಲ್ಲಿಸಿದಳು. ಕೆಳಗೆ ಕಂಪನಿ ಕ್ಯಾಬುಗಳು ಒಂದರ ಹಿಂದೆ ಒಂದು ನಿಂತಿದ್ದವು. ಅವನ್ನು ನೋಡಿದಳು. ಉತ್ತರ ಬರುತ್ತದೆ ಎಂದುಕೊಂಡೆ. ‘ಊಟ ಮಾಡ್ಕೊಂಡೇ ಹೋಗು’ ಅಂದಳು. ಆಮೇಲೆ ಫೋನಿನಲ್ಲಿ ಎರಡು ಸಲ ನೆನಪಿಸಿದ್ದೇನೆ. ‘ಯೋಚ್ನೆ ಮಾಡ್ತಾ ಇದೀನಿ ಕಣೇ’ ಅನ್ನುತ್ತಾಳೆ. ಮಾಡುತ್ತಿದ್ದಾಳೆ ಎಂದೇ ನಂಬಿದ್ದೇನೆ. ನಾನು ಕೇಳಿದ್ದು ಇಷ್ಟು:

‘ಚಿಕ್ಕಮ್ಮ, ಅವತ್ತು ನಾವು ಹೋಗದೆ ನಿನ್ನ ಪಕ್ಕದಲ್ಲಿ ಕೂತಿದ್ದಿದ್ರೆ, ನಿಂಗೆ ಅಳಕ್ಕೆ ಆಗ್ತಿತ್ತಾ?’